ಬಿಚ್ಚಿ ಬಿಚ್ಚಿ ಸವೆದ ಟಿವಿಯ ಮೇಲೆ ಕಲಿಸುವ ಕಡೆ ಹಣ ಕಟ್ಟಬೇಡಿ

ಟಿವಿ ರಿಪೇರಿ ಕಲಿಯಲು ತರಬೇತಿ ಸಂಸ್ಥೆ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ಆರು ತಿಂಗಳ ಕೋರ್ಸ್ ಮುಗಿಸಿ, ಪ್ರಮಾಣಪತ್ರ ಹಿಡಿದು ಕೆಲಸಕ್ಕೆ ಸೇರಿದ ಎರಡನೇ ವಾರದಲ್ಲೇ ನನ್ನ ಜೀವಕ್ಕೆ ಕುತ್ತು ಬಂದಿತ್ತು. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಲಕ್ಷಣ ಹೇಳುತ್ತೇನೆ, ಎಲ್ಲಿ ಕಂಡರೂ ಗುರುತು ಹಿಡಿಯಬಹುದು.

ಪ್ರಾಕ್ಟಿಕಲ್ ಕೋಣೆಯಲ್ಲಿ ನಾಲ್ಕು ಟಿವಿಗಳಿದ್ದವು. ಹಿಂಬದಿಯ ಸ್ಕ್ರೂಗಳ ತಲೆ ಸವೆದು ಸ್ಕ್ರೂಡ್ರೈವರ್ ಕಚ್ಚುತ್ತಲೇ ಇರಲಿಲ್ಲ. ಒಳಗೆ ಪವರ್ ಬೋರ್ಡಿನಲ್ಲಿ ಫ್ಯೂಸ್ ಕೂರುವ ಜಾಗದ ತಾಮ್ರದ ಪಟ್ಟಿ, ಪದೇ ಪದೇ ಬೆಸುಗೆ ಹಾಕಿ ಕಿತ್ತದ್ದರಿಂದ, ಎದ್ದು ಬಂದಿತ್ತು. ಅಲ್ಲಿಗೊಂದು ತುಂಡು ವಯರ್ ಹಚ್ಚಿ ಸರಿಪಡಿಸಿದ್ದರು. ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ. ಪ್ರತಿ ಬ್ಯಾಚಿಗೂ ಅದೇ ಜಾಗದಲ್ಲಿ ಸುಟ್ಟ ಫ್ಯೂಸ್ ಹಾಕಿಡುತ್ತಿದ್ದರು, ಪ್ರತಿ ಬ್ಯಾಚೂ ಅದನ್ನೇ ಬದಲಿಸಿ ಟಿವಿ ಹೊತ್ತಿಸುತ್ತಿತ್ತು. ದೋಷ ಎಲ್ಲಿದೆಯೆಂದು ಮೊದಲೇ ಗೊತ್ತಿದ್ದ ಮೇಲೆ ಹುಡುಕುವುದನ್ನು ಕಲಿಯುವುದೆಲ್ಲಿ ಬಂತು?

ಫ್ಯೂಸ್ ಯಾಕೆ ಹೋಯಿತು ಎಂದು ಒಮ್ಮೆ ಕೇಳಿದ್ದೆ. ಹೊಸದು ಹಾಕಿ ನೋಡಿ, ಮತ್ತೆ ಹೋದರೆ ಬೋರ್ಡ್ ಬದಲಿಸಿ ಎಂದರು. ಫ್ಯೂಸಿನ ಮುಂದಿರುವ ಮಾಸ್‌ಫೆಟ್ಟೋ (ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡುವ ಬಿಡಿಭಾಗ) ಬ್ರಿಜ್ ಡಯೋಡೋ (ಎಸಿಯನ್ನು ಡಿಸಿ ಮಾಡುವ ಬಿಡಿಭಾಗ) ಶಾರ್ಟ್ ಆಗಿದ್ದರೆ ಹೊಸ ಫ್ಯೂಸೂ ಆ ಕ್ಷಣವೇ ಸುಡುತ್ತದೆ. ಫಿಲಮೆಂಟ್ ಬಲ್ಬನ್ನು ಸೀರೀಸ್‌ನಲ್ಲಿ, ಅಂದರೆ ಟಿವಿಗೆ ಹೋಗುವ ಕರೆಂಟ್ ಬಲ್ಬಿನ ಮೂಲಕವೇ ಹಾಯುವಂತೆ, ಕೊಟ್ಟು ಚಾಲೂ ಮಾಡಿದರೆ, ಶಾರ್ಟ್ ಇದ್ದಾಗ ಬಲ್ಬ್ ಪೂರ್ತಿ ಉರಿದು ಹೇಳುತ್ತದೆ, ಬೋರ್ಡೂ ಉಳಿಯುತ್ತದೆ. ಈ ಕಸುಬಿನ ಮೊದಲ ಪಾಠಗಳಲ್ಲಿ ಒಂದಾಗಬೇಕಾದ ಆ ಸೀರೀಸ್ ಬಲ್ಬ್ ಆರು ತಿಂಗಳಲ್ಲಿ ಒಮ್ಮೆಯೂ ನನ್ನ ಕಣ್ಣಿಗೆ ಬೀಳಲಿಲ್ಲ.

ಕೆಲಸದ ಜಾಗಕ್ಕೆ ಪೂರ್ತಿ ಡೆಡ್ ಆದ ಒಂದು ಎಲ್‌ಇಡಿ ಟಿವಿ ಬಂತು. ಚಾಲೂ ಮಾಡಿ ನೋಡಿದೆ, ಕೆಂಪು ದೀಪವೂ ಇಲ್ಲ. ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಪವರ್ ಬೋರ್ಡನ್ನು ಎರಡೂ ಕೈಯಲ್ಲಿ ಅಂಚು ಹಿಡಿದು ಮೇಲೆತ್ತಿದೆ. ಎಡಗೈಯ ಬೆರಳುಗಳು ದೊಡ್ಡ ಕೆಪಾಸಿಟರಿನ (ವಿದ್ಯುತ್ತನ್ನು ಕೂಡಿಡುವ ಬಿಡಿಭಾಗ) ಎರಡು ಕಾಲುಗಳ ಮೇಲೆ ಬಿದ್ದವು. ಬೋರ್ಡ್ ಎಲ್ಲಿಗೆ ಹಾರಿತೋ ಗೊತ್ತಾಗಲಿಲ್ಲ. ಹಿಂದಕ್ಕೆ ಜಗ್ಗಿದ ಕೈ ಲೋಹದ ಚೌಕಟ್ಟಿನ ಅಂಚಿಗೆ ಸೀಳಿ ಅಂಗೈಯಿಂದ ಮಣಿಕಟ್ಟಿನವರೆಗೆ ರಕ್ತ. ಮಾತು ಹೊರಡಲು ಕೆಲವು ನಿಮಿಷಗಳೇ ಬೇಕಾದವು.

ಆದದ್ದೇನೆಂದು ಅಲ್ಲಿನ ಹಿರಿಯ ಮೆಕ್ಯಾನಿಕ್ ಬಿಡಿಸಿ ಹೇಳಿದರು. 230 ವೋಲ್ಟಿನ ಎಸಿ ಡಿಸಿಯಾಗಿ ಆ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಆಗಿ ನಿಲ್ಲುತ್ತದೆ. ಸರಿಯಿರುವ ಟಿವಿಯ ಪ್ಲಗ್ ಕಿತ್ತರೆ ಮುಂದಿನ ಸರ್ಕ್ಯೂಟ್ ಅದನ್ನು ಬಹುಪಾಲು ಹೀರಿಕೊಳ್ಳುತ್ತದೆ. ಡೆಡ್ ಟಿವಿಯಲ್ಲಿ ಹೀರಿಕೊಳ್ಳುವವರೇ ಇಲ್ಲದೆ ಅದು ಹಾಗೆಯೇ ಕಾದು ಕೂತಿರುತ್ತದೆ. ದೀಪವೇ ಹೊತ್ತದ ಟಿವಿ ಹೊತ್ತುವ ಟಿವಿಗಿಂತ ಅಪಾಯಕಾರಿ ಎಂಬ ಈ ಒಂದು ಮಾತನ್ನು ಸಂಸ್ಥೆಯಲ್ಲಿ ಯಾರೂ ಆಡಲಿಲ್ಲ. ಆ ಹಿರಿಯ ಮೆಕ್ಯಾನಿಕ್ ಇನ್ಸುಲೇಶನ್ ಇರುವ ವಯರ್ ಹಚ್ಚಿದ ದಪ್ಪ ವೈರ್‌ವೌಂಡ್ ರೆಸಿಸ್ಟರನ್ನು ಆ ಕಾಲುಗಳಿಗೆ ಕೆಲವು ಸೆಕೆಂಡು ಹಿಡಿದು, ಮಲ್ಟಿಮೀಟರಿನಲ್ಲಿ ಸೊನ್ನೆಯ ಹತ್ತಿರ ಬಂತೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಬೋರ್ಡ್ ಮುಟ್ಟಿದರು. ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವವರನ್ನು ಎಂದೂ ಅನುಸರಿಸಬೇಡ ಎಂದು ಗದರಿಸಿಯೇ ಹೇಳಿದರು.

ಇನ್ನೊಂದು ಪೆಟ್ಟು ಮೈಗಲ್ಲ, ಮಾನಕ್ಕೆ. ಶಬ್ದ ಬರುತ್ತದೆ, ಚಿತ್ರವಿಲ್ಲ ಎಂಬ ದೂರಿಗೆ ನಾನು ಕಲಿತಂತೆ ಮೇನ್ ಬೋರ್ಡ್ ಬದಲಿಸಿದೆ. ಚಿತ್ರ ಬರಲಿಲ್ಲ. ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದಿದ್ದರೆ ಒಳಗೆ ಮಸುಕಾದ ಚಿತ್ರ ಕಾಣುತ್ತಿತ್ತು. ಹೋದದ್ದು ಬ್ಯಾಕ್‌ಲೈಟಿನ (ಪರದೆಗೆ ಹಿಂದಿನಿಂದ ಬೆಳಕು ಕೊಡುವ ದೀಪಗಳ) ಒಂದು ಎಲ್‌ಇಡಿ, ಅದರೊಂದಿಗೆ ಸೀರೀಸ್‌ನಲ್ಲಿದ್ದ ಇಡೀ ಸಾಲು. ಬೇಡದ ಬೋರ್ಡಿನ ಖರ್ಚನ್ನು ಗ್ರಾಹಕರ ಮೇಲೆ ಹೊರಿಸಲು ಹೊರಟಿದ್ದೆನಲ್ಲ ಎಂಬ ನಾಚಿಕೆ ಇವತ್ತಿಗೂ ಹೋಗಿಲ್ಲ.

ಹಾಗಾಗಿ ಕಟ್ಟಡ, ಗೋಡೆಯ ಫೋಟೋ, ಉದ್ಯೋಗದ ಭರವಸೆ ಇವುಗಳನ್ನು ನೋಡಬೇಡಿ. ಪ್ರಾಕ್ಟಿಕಲ್ ನಡೆಯುವಾಗ ಒಂದು ದಿನ ಪೂರ್ತಿ ಕೂರಲು ಬಿಡುತ್ತೀರಾ ಎಂದು ಕೇಳಿ. ಬಿಡದಿದ್ದರೆ ಎದ್ದು ಬನ್ನಿ. ಬಿಟ್ಟರೆ, ದೋಷ ಏನೆಂದು ಶಿಕ್ಷಕರಿಗೇ ಗೊತ್ತಿಲ್ಲದ, ಹೊರಗಿನಿಂದ ಬಂದ ಟಿವಿ ಒಂದಾದರೂ ಮೇಜಿನ ಮೇಲಿದೆಯೇ ನೋಡಿ. ರಿಪೇರಿಯ ಟಿವಿಯನ್ನು ಮೇನ್ಸ್ ಲೈನಿನ ನೇರ ಸಂಪರ್ಕದಿಂದ ಬೇರ್ಪಡಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಎಲ್ಲಿದೆ ಎಂದು ಕೇಳಿ. ಹಾಟ್ ಗ್ರೌಂಡ್ (ಮೇನ್ಸ್‌ಗೆ ನೇರ ಸೇರಿದ ಭಾಗದ ಗ್ರೌಂಡ್), ಕೋಲ್ಡ್ ಗ್ರೌಂಡ್ (ಮೇನ್ಸ್‌ನಿಂದ ಬೇರ್ಪಟ್ಟ ಭಾಗದ ಗ್ರೌಂಡ್) ಬೇರೆ ಬೇರೆ ಎಂದು ಅಲ್ಲಿನ ವಿದ್ಯಾರ್ಥಿಯೊಬ್ಬ ಬೋರ್ಡಿನ ಮೇಲೆ ಬೆರಳಿಟ್ಟು ತೋರಿಸಬಲ್ಲನೇ ಎಂಬುದೇ ನನಗೆ ದೊಡ್ಡ ಪರೀಕ್ಷೆ. ನಾವು ಎಲ್ಲವನ್ನೂ ಚಾಸಿಸ್‌ಗೆ (ಟಿವಿಯ ಲೋಹದ ಚೌಕಟ್ಟಿಗೆ) ಮೀಟರಿನ ಪ್ರೋಬ್ ಇಟ್ಟು ಅಳೆದು, ಪ್ರೈಮರಿ, ಅಂದರೆ ಮೇನ್ಸ್ ಕಡೆಯ ತಪ್ಪು ರೀಡಿಂಗನ್ನೇ ನಂಬಿದವರು.

ಈಗಾಗಲೇ ಸೇರಿಬಿಟ್ಟವರು ಮುಂದಿನ ತರಗತಿಯಲ್ಲಿ ಕೈಯೆತ್ತಿ, ಕೆಪಾಸಿಟರ್ ಡಿಸ್ಚಾರ್ಜ್ ಮಾಡುವುದನ್ನು ಮೀಟರ್ ಸಮೇತ ಮಾಡಿ ತೋರಿಸಿ ಎಂದು ಕೇಳಿ. ತೋರಿಸುವವರೆಗೆ ಪವರ್ ಬೋರ್ಡಿಗೆ ಕೈ ಹಚ್ಚಬೇಡಿ.