ಚಾನೆಲ್‌ಟ್ರಾನ್ ಬೇಕಾ, ಎಂಸಿಪಿ ಬೇಕಾ?

ಸಿಂಕ್ರೊಟ್ರಾನ್ ಬೆಳಕಿನಲ್ಲಿ (ಯಂತ್ರದೊಳಗೆ ಭಾರೀ ವೇಗದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳು ಚೆಲ್ಲುವ ಬೆಳಕು) ಪ್ರಯೋಗ ಮಾಡಲು ಇಂದೋರ್‌ಗೆ ಹೊರಡುವ ನಮ್ಮ ಬಳ್ಳಾರಿ ಹುಡುಗರು ಕೇಳೋದು ಇದನ್ನೇ: "ಮೇಡಂ, ಎರಡರಾಗ ಯಾವ್ದು ಚಲೋರಿ?" ಚಾನೆಲ್‌ಟ್ರಾನ್, ಎಂಸಿಪಿ (ಮೈಕ್ರೋಚಾನೆಲ್ ಪ್ಲೇಟ್) ಎರಡೂ ಎಲೆಕ್ಟ್ರಾನ್‌ಗಳನ್ನು, ಅಯಾನುಗಳನ್ನು (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳು) ಹಿಡಿದು ಎಣಿಸುವ ಸಾಧನಗಳು. ಎರಡನ್ನೂ ವರ್ಷಗಟ್ಟಲೆ ಬಳಸಿದ್ದೇನೆ. ಬರೀ ಎಲೆಕ್ಟ್ರಾನ್ ಎಣಿಸಬೇಕಾ? ಚಾನೆಲ್‌ಟ್ರಾನ್ ಸಾಕು. ಅಯಾನುಗಳ ತೂಕ ಬೇಕಾ? ಎಂಸಿಪಿನೇ ಬೇಕು.

ಒಳಗೆ ನಡೆಯೋದು ಎರಡರಲ್ಲೂ ಒಂದೇ. ಬಂದ ಕಣ ಗಾಜಿನ ಗೋಡೆಗೆ ಬಡಿದು ಎರಡು ಮೂರು ಎಲೆಕ್ಟ್ರಾನ್ ಎಬ್ಬಿಸುತ್ತದೆ. ಅವು ಮುಂದೆ ಹೋಗಿ ಇನ್ನಷ್ಟನ್ನು ಎಬ್ಬಿಸುತ್ತವೆ. ಚಾನೆಲ್‌ಟ್ರಾನ್ ಕಹಳೆ ಬಾಯಿಯ ಒಂದೇ ಬಾಗಿದ ಕೊಳವೆ. ಎಂಸಿಪಿ ಅರ್ಧ ಮಿಲಿಮೀಟರ್ ದಪ್ಪದ ಬಿಲ್ಲೆ; ಅದರ ತುಂಬ 10 ಮೈಕ್ರಾನ್ ಅಗಲದ ಲಕ್ಷಗಟ್ಟಲೆ ತೂತು. ತೂತುಗಳ ನಡುವಿನ ಗಾಜಿಗೆ ಬಿದ್ದ ಕಣಗಳು ಬಹುಪಾಲು ಲೆಕ್ಕಕ್ಕೆ ಸಿಗೋದಿಲ್ಲ. ಈ ನಷ್ಟ ಚಾನೆಲ್‌ಟ್ರಾನ್‌ಗೆ ಇಲ್ಲ.

ನನಗೆ ವ್ಯತ್ಯಾಸ ಕಣ್ಣಿಗೆ ಕಟ್ಟಿದ್ದು ಕ್ಸೆನಾನ್ ಅನಿಲದಲ್ಲಿ. ಅಯಾನು ಎಷ್ಟು ಹೊತ್ತಿಗೆ ಬಂತು ಅನ್ನೋದರಿಂದ ಅದರ ತೂಕ ಲೆಕ್ಕ ಹಾಕುತ್ತೇವೆ. ಭಾರ ಜಾಸ್ತಿಯಾದರೆ ತಡವಾಗಿ ಬರುತ್ತದೆ. ಚಾನೆಲ್‌ಟ್ರಾನ್ ಹಾಕಿದಾಗ 129, 131, 132 ತೂಕದ ಕ್ಸೆನಾನ್ ಮೂರೂ ಸೇರಿ ಗ್ರಾಫ್‌ನಲ್ಲಿ ಒಂದೇ ದಪ್ಪ ಗುಡ್ಡ. ಕಾರಣ ಆ ಕಹಳೆ ಬಾಯಿ. ಒಂದು ಅಯಾನು ಅಂಚಿಗೆ ಬಡಿಯುತ್ತದೆ, ಇನ್ನೊಂದು ಒಂದು ಸೆಂಟಿಮೀಟರ್ ಒಳಗೆ. 2000 ವೋಲ್ಟ್‌ನಲ್ಲಿ ಓಡುವ ಕ್ಸೆನಾನ್‌ಗೆ ಅಷ್ಟು ದಾಟಲು ಸುಮಾರು 180 ನ್ಯಾನೊಸೆಕೆಂಡ್ ಬೇಕು. ಎಂಸಿಪಿ ಮುಖ ಸಪಾಟು. ಅದನ್ನು ಹಾಕಿದ ದಿನ ಮೂರೂ ಗೆರೆ ಬಿಡಿಬಿಡಿಯಾಗಿ ನಿಂತವು. ಆ ಖುಷಿ ಇನ್ನೂ ನೆನಪಿದೆ.

ಇನ್ನೊಂದು ಮಾತು. ಅಯಾನು ಮೆಲ್ಲಗೆ ಬಂದು ಬಿದ್ದರೆ ಎಲೆಕ್ಟ್ರಾನ್ ಏಳೋದೇ ಇಲ್ಲ. ಹಾಗಾಗಿ ಯಾವುದೇ ಹಾಕಿ, ಎದುರಿನ ಮುಖಕ್ಕೆ ಮೈನಸ್ 2000 ವೋಲ್ಟ್ ಆದರೂ ಕೊಡಿ. ಎಲೆಕ್ಟ್ರಾನ್‌ಗೆ ಪ್ಲಸ್ ಕೆಲವು ನೂರು ಸಾಕು.

ಆದರೆ ಎಂಸಿಪಿ ಬಲು ನಾಜೂಕು. ನಮ್ಮೂರಿನ ಕೆಂಪು ಅದಿರು ಧೂಳು ಗೊತ್ತಲ್ವಾ, ಕಿಟಕಿ ಮುಚ್ಚಿದರೂ ಮೇಜಿನ ಮೇಲೆ ಕೂತಿರುತ್ತದೆ. ಒಮ್ಮೆ ಇಲ್ಲೇ ಬಿಲ್ಲೆ ತೆರೆದು ಜೋಡಿಸಿದೆವು. ವೋಲ್ಟೇಜ್ ಕೊಟ್ಟಾಗ ಬಿಲ್ಲೆಯ ಹಿಂದಿನ ಹೊಳೆಯುವ ಪರದೆಯ ಮೇಲೆ ಒಂದು ಚುಕ್ಕೆ ಮಾತ್ರ ಆರಲೇ ಇಲ್ಲ. ತೂತಿನ ಬಾಯಲ್ಲಿ ಒಂದು ಕಣ ಧೂಳು ಕೂತಿತ್ತು. ತೇವವೂ ಆಗಿಬರೋದಿಲ್ಲ, ಬಿಲ್ಲೆ ಹೀರಿಕೊಂಡು ಬಾಗುತ್ತದೆ. ಬಳಸದಾಗ ವ್ಯಾಕ್ಯೂಮ್‌ನಲ್ಲೇ ಇಡಬೇಕು. ಚಾನೆಲ್‌ಟ್ರಾನ್ ಇಷ್ಟು ಕಾಡೋದಿಲ್ಲ. ಅದಕ್ಕೇ ಮೊದಲ ಸಲ ಹೋಗುವವರಿಗೆ ಅದನ್ನೇ ಕೊಟ್ಟು ಕಳಿಸುತ್ತೇನೆ.

ಯಾವುದೇ ಆದರೂ ಎಣಿಕೆ ಸುಮ್ನೆ ಜಾಸ್ತಿ ಬರುತ್ತಿದ್ದರೆ ಮೊದಲು ಅಯಾನ್ ಗೇಜ್ (ವ್ಯಾಕ್ಯೂಮ್ ಅಳೆಯುವ ಸಾಧನ) ಆಫ್ ಮಾಡಿ ನೋಡಿ. ಅದರಿಂದಲೂ ಎಲೆಕ್ಟ್ರಾನ್, ಅಯಾನು ಹೊರಬರುತ್ತವೆ.