ಗೋಡೆ ಕ್ಯಾಲೆಂಡರೋ, ಫೋನೋ, ಡೈರಿಯೋ?

ಚಿಕ್ಕಮಗಳೂರು ಪೇಟೆಯಲ್ಲಿ ಮನೆ, ಆಲ್ದೂರಿನ ಕಡೆ ಚೂರು ಕಾಫಿ ತೋಟ, ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಮನೆಮಂದಿಯ ದಿನ, ಕೆಲಸಗಳನ್ನು ನೆನಪಿಡಲು ಗೋಡೆ ಕ್ಯಾಲೆಂಡರ್, ಫೋನು, ಡೈರಿ ಮೂರನ್ನೂ ಬಳಸಿ ನೋಡಿದ್ದೇನೆ.

ನನ್ನ ಓಟು ಅಡುಗೆಮನೆಯ ಗೋಡೆ ಕ್ಯಾಲೆಂಡರ್‌ಗೆ. ಏಕಾದಶಿ, ಸಂಕಷ್ಟಿ, ರಾಹುಕಾಲ ಎಲ್ಲಾ ಅಲ್ಲೇ ಇರುತ್ತದೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನವೂ ಅದೇ ಚೌಕದಲ್ಲಿ. ಅತ್ತೆ ಕನ್ನಡಕ ಹಾಕಿಕೊಂಡು ಬೆಳಿಗ್ಗೆ ಒಮ್ಮೆ ನೋಡಿದರೆ ಆಯ್ತು. ಆದರೆ ಅದು ಕೂಗಿ ಎಬ್ಬಿಸುವುದಿಲ್ಲ. ಮಗಳ ಲಸಿಕೆಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದೆ. ತಿಂಗಳ ಹಾಳೆ ಮಗುಚದೆ ಮೂರು ದಿನ ಮರೆತೇಬಿಟ್ಟೆ.

ಅಲ್ಲಿ ಗೂಗಲ್ ಕ್ಯಾಲೆಂಡರ್ ಗೆಲ್ಲುತ್ತದೆ. ಒಬ್ಬರು ಬರೆದರೆ ಹಂಚಿಕೊಂಡ ಎಲ್ಲರಿಗೂ ಕಾಣುತ್ತದೆ. ಮಂಗಳವಾರದ ಟ್ಯೂಷನ್ ಒಮ್ಮೆ ಹಾಕಿದರೆ ಪ್ರತಿ ವಾರ ತಾನೇ ನೆನಪಿಸುತ್ತದೆ. ತೋಟದಲ್ಲಿ ನೆಟ್‌ವರ್ಕ್ ಹೋದರೆ ಮಾತ್ರ ಹೊಸ ಬದಲಾವಣೆ ತಲುಪುವುದಿಲ್ಲ. ಇನ್ನೊಂದು ತೊಡಕು ಮಾವನ ತಿಥಿ. 'ಪ್ರತಿ ವರ್ಷ' ಎಂದು ಹಾಕಿದರೆ ಅದು ಇಂಗ್ಲಿಷ್ ತಾರೀಕಿಗೇ ಅಂಟಿಕೊಳ್ಳುತ್ತದೆ. ತಿಥಿ ಸುಮಾರು 11 ದಿನ ಹಿಂದಕ್ಕೋ, ಅಧಿಕ ಮಾಸ ಬಂದರೆ 19 ದಿನ ಮುಂದಕ್ಕೋ ಸರಿಯುತ್ತದೆ, ಅಲ್ವಾ? ಹಾಗಾಗಿ ಅಲಾರಂ ಬೇಕಾದ್ದನ್ನಷ್ಟೇ ಫೋನಿಗೆ ಹಾಕುತ್ತೇನೆ.

ಪ್ಲಾನರ್ ಡೈರಿ ಒಬ್ಬರಿಗಾದರೆ ಸರಿ. ನವೆಂಬರ್ ಹೊತ್ತಿಗೆ ಅರೇಬಿಕಾ ಕೊಯ್ಲು ಶುರುವಾದರೆ ಯಜಮಾನರಿಗೆ ಆಳಿನ ಲೆಕ್ಕಕ್ಕೆ ಅದೇ ಬೇಕು. ಮನೆಮಂದಿಗೆಲ್ಲ? ಬ್ಯಾಗಿನೊಳಗೆ ಮುಚ್ಚಿಟ್ಟದ್ದು ಯಾರಿಗೆ ಕಾಣಬೇಕು!