ಕುಸಿದು ಏಳುವ ಪರೀಕ್ಷೆ: ದೊಡ್ಡ ಡೇಟಾ ವೇರ್‌ಹೌಸ್‌ಗೆ ಪೋಸ್ಟ್‌ಗ್ರೆಸ್ ಎಷ್ಟು ಗಟ್ಟಿ?

ಡೇಟಾಬೇಸ್‌ಗಳ ವಿಮರ್ಶೆಗಳಲ್ಲಿ ಹೆಚ್ಚಿನವು ಕ್ವೆರಿಯ ವೇಗದ ಲೆಕ್ಕದಲ್ಲೇ ಮುಗಿದುಹೋಗುತ್ತವೆ. ಆದರೆ ಹಲವು ಟೆರಾಬೈಟ್‌ಗಳಷ್ಟು ದತ್ತಾಂಶವನ್ನು ಒಂದೇ ಕಡೆ ಇಟ್ಟುಕೊಂಡು, ರಾತ್ರಿಯಿಡೀ ಹೊಸ ದತ್ತಾಂಶ ತುಂಬುವ ಲೋಡ್ ನಡೆಸಿ, ಹಗಲಿಡೀ ವರದಿಗಳನ್ನು ತೆಗೆಯುವ ಡೇಟಾ ವೇರ್‌ಹೌಸ್‌ನವರಿಗೆ ಬೇರೆ ಎರಡು ಪ್ರಶ್ನೆಗಳು ಮುಖ್ಯ. ಸರ್ವರ್ ನಡುವೆ ಕುಸಿದುಬಿದ್ದರೆ ಕಮಿಟ್ ಆದ (ಉಳಿಸಲಾಗಿದೆ ಎಂದು ಸರ್ವರ್ ಖಚಿತಪಡಿಸಿದ) ದತ್ತಾಂಶ ಉಳಿಯುತ್ತದೆಯೇ? ಉಳಿದರೂ ಮತ್ತೆ ಕೆಲಸ ಶುರುವಾಗಲು ಎಷ್ಟು ಹೊತ್ತು ಹಿಡಿಯುತ್ತದೆ? ಮೊದಲನೆಯದರಲ್ಲಿ ಪೋಸ್ಟ್‌ಗ್ರೆಸ್ (PostgreSQL) ಡೇಟಾಬೇಸ್‌ಗೆ ಪೂರ್ಣ ಅಂಕ ಕೊಡಲು ನನಗೆ ಹಿಂಜರಿಕೆಯಿಲ್ಲ. ಎರಡನೆಯದರಲ್ಲಿ ಅಷ್ಟು ಉದಾರಿಯಾಗಲಾರೆ.

ಯಾವುದೇ ಬದಲಾವಣೆಯು ಟೇಬಲ್‌ನ ಕಡತಕ್ಕೆ ಹೋಗುವ ಮೊದಲು ಲಾಗ್‌ನಲ್ಲಿ ದಾಖಲಾಗಬೇಕು ಎಂಬ ನಿಯಮವು 2001ರಲ್ಲಿ ಬಂದ 7.1ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್‌ನಲ್ಲಿ ಜಾರಿಯಲ್ಲಿದೆ. ಈ ಲಾಗನ್ನು ಬಳಕೆದಾರರು ‘ವಾಲ್’ (WAL, ರೈಟ್-ಅಹೆಡ್ ಲಾಗ್) ಎಂದು ಕರೆಯುತ್ತಾರೆ. ವಿದ್ಯುತ್ ಹೋದ ಕ್ಷಣದಲ್ಲಿ 8 ಕಿಲೋಬೈಟ್‌ನ ಪುಟವೊಂದು ಡಿಸ್ಕ್‌ನಲ್ಲಿ ಅರ್ಧ ಮಾತ್ರ ಬರೆಯಲ್ಪಟ್ಟಿರಬಹುದು ಎಂಬುದನ್ನೂ ಇದು ಮೊದಲೇ ಊಹಿಸಿಕೊಂಡು, ಪ್ರತಿ ಚೆಕ್‌ಪಾಯಿಂಟ್‌ನ (ಮೆಮೊರಿಯಲ್ಲಿರುವ ಬದಲಾವಣೆಗಳನ್ನೆಲ್ಲ ಕಡತಗಳಿಗೆ ಬರೆದು ಮುಗಿಸುವ ಹಂತದ) ನಂತರ ಪುಟವೊಂದು ಮೊದಲ ಬಾರಿಗೆ ಬದಲಾದಾಗ ಆ ಇಡೀ ಪುಟದ ಪ್ರತಿಯನ್ನೇ ಲಾಗ್‌ಗೆ ಹಾಕಿಡುತ್ತದೆ. ಇದರಿಂದ ಲಾಗ್ ಊದಿಕೊಳ್ಳುತ್ತದೆ, ನಿಜ. ಹಾಗೆಂದು ಈ ವ್ಯವಸ್ಥೆಯನ್ನು ವೇಗದ ಆಸೆಗೆ ನಿಲ್ಲಿಸಿಬಿಡಿ ಎಂದು ಸಲಹೆ ಕೊಡುವವರ ಮಾತನ್ನು ಕೇಳಬೇಡಿ.

ವೇರ್‌ಹೌಸ್‌ಗೆ ಇನ್ನೊಂದು ದೊಡ್ಡ ಅನುಕೂಲವಿದೆ. ಅಪೂರ್ಣವಾಗಿ ನಿಂತ ವ್ಯವಹಾರಗಳನ್ನು (ಟ್ರಾನ್ಸಾಕ್ಷನ್, ಅಂದರೆ ಒಟ್ಟಾಗಿ ಮುಗಿಯಬೇಕಾದ ಬದಲಾವಣೆಗಳ ಗುಂಪು) ಹಿಮ್ಮುಖವಾಗಿ ಬಿಚ್ಚುವ ಹಂತವೇ ಇಲ್ಲಿಲ್ಲ. ಹಲವು ಗಂಟೆಗಳಿಂದ ನಡೆಯುತ್ತಿದ್ದ ಲೋಡ್ ಒಂದು ಕುಸಿತದಲ್ಲಿ ನಿಂತುಹೋದರೆ, ಹಿಂದಕ್ಕೆ ಬಿಚ್ಚುವ ಪದ್ಧತಿಯ ಡೇಟಾಬೇಸ್‌ಗಳಲ್ಲಿ ಅದನ್ನು ರದ್ದುಮಾಡಲೂ ಗಂಟೆಗಳು ಹಿಡಿಯಬಹುದಾಗಿತ್ತು. ಮೈಕ್ರೋಸಾಫ್ಟ್ ತನ್ನ ಎಸ್‌ಕ್ಯೂಎಲ್ ಸರ್ವರ್‌ನ 2019ರ ಆವೃತ್ತಿಯಲ್ಲಿ ಇದಕ್ಕೆಂದೇ ಹೊಸ ರಿಕವರಿ (ಕುಸಿತದ ನಂತರದ ಚೇತರಿಕೆ) ವಿಧಾನವನ್ನು ತಂದಿತು. ಪೋಸ್ಟ್‌ಗ್ರೆಸ್ ಆ ಸಾಲುಗಳನ್ನು ಮುಟ್ಟಲು ಹೋಗುವುದೇ ಇಲ್ಲ. ಕಮಿಟ್ ಆಗದ ಸಾಲುಗಳು ಯಾರಿಗೂ ಕಾಣದಂತೆ ಅಲ್ಲೇ ಬಿದ್ದಿರುತ್ತವೆ, ಮುಂದೆ ವ್ಯಾಕ್ಯೂಮ್ ಎಂಬ ಸ್ವಚ್ಛತಾ ಕೆಲಸ ಬಂದು ಗುಡಿಸುತ್ತದೆ.

ಹಾಗಾದರೆ ತಡ ಎಲ್ಲಿ? ಕೊನೆಯ ಚೆಕ್‌ಪಾಯಿಂಟ್‌ನಿಂದ ಈಚೆಗಿನ ಲಾಗನ್ನು ಮತ್ತೆ ಅನ್ವಯಿಸುವುದು ರಿಕವರಿಯ ಮುಖ್ಯ ಕೆಲಸ. ಚೆಕ್‌ಪಾಯಿಂಟ್‌ಗಳ ನಡುವಿನ ಗರಿಷ್ಠ ಅವಧಿ ಪೂರ್ವನಿಯೋಜಿತವಾಗಿ 5 ನಿಮಿಷ, ಲಾಗ್‌ನ ಮೇಲಿನ ಮೃದು ಮಿತಿ 1 ಗಿಗಾಬೈಟ್. ದೊಡ್ಡ ಲೋಡ್ ನಡೆಯುವಾಗ 1 ಗಿಗಾಬೈಟ್ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ತುಂಬುತ್ತದೆ. ಚೆಕ್‌ಪಾಯಿಂಟ್‌ಗಳು ಅತಿಯಾಗಿ ಆಗುತ್ತಿವೆ ಎಂದು ಸರ್ವರೇ ದೂರುತ್ತದೆ. ನಿರ್ವಾಹಕರು ಮಿತಿಯನ್ನು ಹತ್ತಾರು ಗಿಗಾಬೈಟ್‌ಗಳಿಗೆ ಏರಿಸುತ್ತಾರೆ. ಲೋಡ್ ಸರಾಗವಾಗುತ್ತದೆ, ಆದರೆ ಕುಸಿದ ದಿನ ಆ ಹತ್ತಾರು ಗಿಗಾಬೈಟ್‌ಗಳನ್ನೂ ಮತ್ತೆ ಓದಬೇಕಾಗುತ್ತದೆ. ಲೋಡ್ ಮಾಡುವಾಗ ಹಲವು ಪ್ರೊಸೆಸ್‌ಗಳು ಸೇರಿ ಬರೆದ ಲಾಗನ್ನು ರಿಕವರಿಯಲ್ಲಿ ಒಂದೇ ಪ್ರೊಸೆಸ್ ಅನ್ವಯಿಸುತ್ತದೆ ಎಂಬುದು ಇಲ್ಲಿನ ದೊಡ್ಡ ಕೊರತೆ. 2022ರ 15ನೇ ಆವೃತ್ತಿಯಲ್ಲಿ ಬೇಕಾಗುವ ಪುಟಗಳನ್ನು ಮುಂಚಿತವಾಗಿ ತರಿಸಿಕೊಳ್ಳುವ ಸೌಲಭ್ಯ ಸೇರಿದೆ, ಆದರೂ ಆ ಒಂಟಿ ಪ್ರೊಸೆಸ್‌ನ ಹೆಗಲ ಮೇಲಿನ ಭಾರ ಹಾಗೆಯೇ ಇದೆ. ಎಲ್ಲ ಮುಗಿದ ಮೇಲೂ ಅಂತಿಮ ಚೆಕ್‌ಪಾಯಿಂಟ್ ಪೂರ್ಣವಾಗುವವರೆಗೆ ಸಂಪರ್ಕಕ್ಕೆ ಅವಕಾಶವಿಲ್ಲ.

ಲಾಗ್ ಓದುವುದಕ್ಕೂ ಮೊದಲು ಇನ್ನೊಂದು ಕೆಲಸವಿದೆ, ಹೊಸಬರನ್ನು ಗಾಬರಿಗೊಳಿಸುವುದು ಅದೇ. ಕುಸಿತದ ನಂತರ ಸರ್ವರ್ ದತ್ತಾಂಶ ಡೈರೆಕ್ಟರಿಯ ಪ್ರತಿಯೊಂದು ಕಡತವನ್ನೂ ತೆರೆದು, ಅದು ಡಿಸ್ಕ್‌ಗೆ ಇಳಿದಿದೆ ಎಂದು ಖಾತ್ರಿಪಡಿಸಿಕೊಳ್ಳುತ್ತದೆ. ಟೇಬಲ್ ಎಷ್ಟೇ ದೊಡ್ಡದಿರಲಿ, ಪೋಸ್ಟ್‌ಗ್ರೆಸ್ ಅದನ್ನು 1 ಗಿಗಾಬೈಟ್‌ನ ತುಂಡುಗಳಾಗಿ ಇಡುವುದರಿಂದ 10 ಟೆರಾಬೈಟ್ ಎಂದರೆ ಹತ್ತು ಸಾವಿರಕ್ಕೂ ಹೆಚ್ಚು ಕಡತಗಳು. ದಿನಕ್ಕೊಂದು ಪಾರ್ಟಿಷನ್ (ಟೇಬಲ್‌ನ ವಿಭಾಗ), ಪ್ರತಿ ಪಾರ್ಟಿಷನ್‌ಗೆ ನಾಲ್ಕಾರು ಇಂಡೆಕ್ಸ್ (ಹುಡುಕಲು ನೆರವಾಗುವ ಸೂಚಿ) ಎಂಬ ವಿನ್ಯಾಸವಿದ್ದರೆ ಸಂಖ್ಯೆ ಲಕ್ಷಗಳಿಗೆ ಮುಟ್ಟುತ್ತದೆ. ಹಳೆಯ ಆವೃತ್ತಿಗಳಲ್ಲಿ ಈ ಹೊತ್ತಿನಲ್ಲಿ ಪರದೆಯ ಮೇಲೆ ಏನೂ ಮೂಡುತ್ತಿರಲಿಲ್ಲ, ಸರ್ವರ್ ಸತ್ತಿದೆಯೋ ಬದುಕಿದೆಯೋ ತಿಳಿಯುತ್ತಿರಲಿಲ್ಲ. ಲಿನಕ್ಸ್‌ನಲ್ಲಿ ಇಡೀ ಕಡತ ವ್ಯವಸ್ಥೆಯನ್ನು ಒಂದೇ ಆದೇಶದಲ್ಲಿ ಡಿಸ್ಕ್‌ಗೆ ಇಳಿಸುವ ಆಯ್ಕೆ 14ನೇ ಆವೃತ್ತಿಯಲ್ಲಿ ಬಂದರೆ, 15ರಿಂದ ಪ್ರತಿ 10 ಸೆಕೆಂಡಿಗೊಮ್ಮೆ ಕೆಲಸ ಎಲ್ಲಿಗೆ ಬಂದಿದೆ ಎಂಬ ಸಾಲು ಸರ್ವರ್ ತನ್ನ ಸಂದೇಶಗಳನ್ನು ಬರೆಯುವ ಲಾಗ್‌ನಲ್ಲಿ (ವಾಲ್‌ನಲ್ಲಲ್ಲ) ಕಾಣುತ್ತದೆ. ಸಣ್ಣ ಸುಧಾರಣೆಯಂತೆ ತೋರಿದರೂ, ಫೋನಿನಲ್ಲಿ ಮೇಲಧಿಕಾರಿಗೆ ಉತ್ತರ ಹೇಳಬೇಕಾದವರಿಗೆ ಅದರ ಬೆಲೆ ಗೊತ್ತು.

ಇನ್ನು ಸ್ಥಿರತೆಯ ವಿಷಯ. ಪರೀಕ್ಷಾ ಸರ್ವರ್‌ನಲ್ಲಿ ಹಲವು ವರದಿಗಳನ್ನು ಒಟ್ಟಿಗೆ ಓಡಿಸಿ, ಅವುಗಳಲ್ಲಿ ಒಂದರ ಪ್ರೊಸೆಸ್‌ಗೆ ಮಾತ್ರ ತಕ್ಷಣ ಕೊಲ್ಲುವ 9ನೇ ಸಿಗ್ನಲ್ ಕಳಿಸಿ ನೋಡಿ. ಆ ಒಂದು ಪ್ರೊಸೆಸ್ ಸಾಯುತ್ತದೆ. ಮುಖ್ಯ ಪ್ರೊಸೆಸ್ ಅದನ್ನು ಗಮನಿಸಿ ಉಳಿದ ಎಲ್ಲವನ್ನೂ ನಿಲ್ಲಿಸುತ್ತದೆ. ಬೇರೆ ಸರ್ವರ್ ಪ್ರೊಸೆಸ್ ಕುಸಿದ ಕಾರಣ ನಿಮ್ಮ ಸಂಪರ್ಕ ಕಡಿಯಲಾಗಿದೆ ಎಂಬ ಸಂದೇಶ ತಪ್ಪೇನೂ ಮಾಡದ ಬಳಕೆದಾರರಿಗೆಲ್ಲ ಹೋಗುತ್ತದೆ. ಆಮೇಲೆ ಎಲ್ಲ ಪ್ರೊಸೆಸ್‌ಗಳೂ ಒಟ್ಟಾಗಿ ಬಳಸುವ ಹಂಚಿಕೆಯ ಮೆಮೊರಿಯನ್ನು ಹೊಸದಾಗಿ ಕಟ್ಟಿ ರಿಕವರಿ ಶುರುವಾಗುತ್ತದೆ. ಸತ್ತ ಪ್ರೊಸೆಸ್ ಹಂಚಿಕೆಯ ಮೆಮೊರಿಯನ್ನು ಕೆಡಿಸಿರಬಹುದು ಎಂಬ ಸಂಶಯವೇ ಇದಕ್ಕೆ ಕಾರಣವಾದ್ದರಿಂದ, ಸುರಕ್ಷತೆಯ ದೃಷ್ಟಿಯಿಂದ ಇದು ಸರಿಯಾದ ನಿರ್ಧಾರವೇ. ಆದರೆ ವೇರ್‌ಹೌಸ್‌ನಲ್ಲಿ ಇಂಥ ಸಾವು ಅಪರೂಪವಲ್ಲ. ಸಾರ್ಟ್ ಮತ್ತು ಹ್ಯಾಶ್‌ಗಾಗಿ ಕೊಡುವ ಮೆಮೊರಿಯ ಮಿತಿ ಕ್ವೆರಿಗೆ ಒಂದರಂತೆ ಅನ್ವಯಿಸದೆ ಕ್ವೆರಿಯೊಳಗಿನ ಪ್ರತಿ ಹಂತಕ್ಕೂ, ಪ್ರತಿ ಸಮಾನಾಂತರ ವರ್ಕರ್‌ಗೂ ಪ್ರತ್ಯೇಕವಾಗಿ ಅನ್ವಯಿಸುವುದರಿಂದ, ಉದಾರವಾಗಿ ಮಿತಿ ಏರಿಸಿದ ಸರ್ವರ್‌ನಲ್ಲಿ ಟೇಬಲ್‌ಗಳನ್ನು ಜೋಡಿಸುವ ಒಂದು ದೊಡ್ಡ ಜಾಯಿನ್ ಸಾಕು, ಲಿನಕ್ಸ್‌ಗೆ ಮೆಮೊರಿ ಸಾಲದೆ ಅದು ಯಾವುದಾದರೂ ಪ್ರೊಸೆಸ್ಸನ್ನು ಕೊಂದುಬಿಡುತ್ತದೆ. ಇರುವುದಕ್ಕಿಂತ ಹೆಚ್ಚು ಮೆಮೊರಿ ಕೊಡಲು ಒಪ್ಪಿಕೊಳ್ಳುವುದನ್ನು ಲಿನಕ್ಸ್‌ನಲ್ಲೇ ನಿರ್ಬಂಧಿಸಿ ಎಂದು ಪೋಸ್ಟ್‌ಗ್ರೆಸ್‌ನ ಅಧಿಕೃತ ಕೈಪಿಡಿಯೇ ಹೇಳುತ್ತದೆ. ಹಾಗೆ ಮಾಡಿದರೆ ಮಿತಿ ಮೀರಿದ ಕ್ವೆರಿ ಸಾಮಾನ್ಯವಾಗಿ ಮೆಮೊರಿ ಇಲ್ಲವೆಂಬ ದೋಷದೊಂದಿಗೆ ತಾನೊಂದೇ ನಿಲ್ಲುತ್ತದೆ. ಮೊದಲ ದಿನವೇ ಮಾಡಬೇಕಾದ ಹೊಂದಾಣಿಕೆಯಿದು.

ಡಿಸ್ಕ್‌ನ ವಿಷಯದಲ್ಲಿ ಈ ಯೋಜನೆಯ ಪ್ರಾಮಾಣಿಕತೆ ಮೆಚ್ಚಬೇಕಾದದ್ದು. ಡಿಸ್ಕ್‌ಗೆ ಬರೆಯುವುದು ಒಮ್ಮೆ ವಿಫಲವಾದರೆ ಲಿನಕ್ಸ್ ಆ ದೋಷವನ್ನು ಒಮ್ಮೆ ತಿಳಿಸಿ, ನಂತರದ ಪ್ರಯತ್ನದಲ್ಲಿ ಎಲ್ಲವೂ ಸರಿಯಿದೆ ಎಂದು ಹೇಳಬಹುದು ಎಂಬ ಸಂಗತಿ 2018ರಲ್ಲಿ ದೊಡ್ಡ ಚರ್ಚೆಯಾಯಿತು. 2019ರ ಫೆಬ್ರವರಿಯಲ್ಲಿ ಬಂದ ತಿದ್ದುಪಡಿಯಿಂದ, ಅಂಥ ದೋಷ ಕಂಡಕೂಡಲೇ ಪೋಸ್ಟ್‌ಗ್ರೆಸ್ ತಾನಾಗಿಯೇ ಕುಸಿದು ಲಾಗ್‌ನಿಂದ ರಿಕವರಿ ಮಾಡಿಕೊಳ್ಳುತ್ತದೆ. ಪುಟ ಕೆಟ್ಟಿದೆಯೇ ಎಂದು ಪತ್ತೆಹಚ್ಚುವ ಚೆಕ್‌ಸಮ್ 2013ರಿಂದಲೇ ಲಭ್ಯವಿದ್ದರೂ 2025ರ 18ನೇ ಆವೃತ್ತಿಯವರೆಗೆ ಅದನ್ನು ನಾವೇ ಕೇಳಿ ಪಡೆಯಬೇಕಾಗಿತ್ತು. ಇಷ್ಟು ತಡವಾದದ್ದು ನನಗೆ ಸಮ್ಮತವಲ್ಲ.

ರಿಕವರಿ ಮುಗಿದ ನಂತರದ ಅವಸ್ಥೆಯ ಬಗ್ಗೆ ಬರೆಯುವವರು ಕಡಿಮೆ. ಬದಲಾವಣೆಗಳನ್ನು ಲಾಗ್‌ಗೆ ಬರೆಯದ (ಅನ್‌ಲಾಗ್ಡ್) ಟೇಬಲ್‌ಗಳು ಕುಸಿತದ ನಂತರ ಖಾಲಿಯಾಗಿರುತ್ತವೆ, ಆದ್ದರಿಂದ ಅವುಗಳನ್ನು ಮತ್ತೆ ತುಂಬಬಲ್ಲ ಮಧ್ಯಂತರ ದತ್ತಾಂಶಕ್ಕೆ ಮಾತ್ರ ಬಳಸಬೇಕು. ಹೊಸ ಟೇಬಲ್ ಸೃಷ್ಟಿಸಿ ಅದೇ ವ್ಯವಹಾರದಲ್ಲಿ ತುಂಬುತ್ತಿದ್ದಾಗ ಕುಸಿತವಾದರೆ, ಟೇಬಲ್ ಇಲ್ಲವಾದರೂ ಅದರ ಕಡತಗಳು ಡಿಸ್ಕ್‌ನಲ್ಲಿ ಅನಾಥವಾಗಿ ಉಳಿಯಬಹುದು. ನೂರಾರು ಗಿಗಾಬೈಟ್‌ಗಳು ಹೀಗೆ ಲೆಕ್ಕಕ್ಕೆ ಸಿಗದೆ ಹೋಗುತ್ತವೆ, ಅವುಗಳನ್ನು ಹುಡುಕಿ ತೆಗೆಯುವ ವ್ಯವಸ್ಥೆ ಪೋಸ್ಟ್‌ಗ್ರೆಸ್‌ನಲ್ಲೇ ಇಲ್ಲ. ಇದಕ್ಕಿಂತ ಸೂಕ್ಷ್ಮವಾದದ್ದು ಅಂಕಿಅಂಶಗಳ ನಷ್ಟ. ಯಾವ ಟೇಬಲ್‌ನಲ್ಲಿ ಎಷ್ಟು ಸತ್ತ ಸಾಲುಗಳಿವೆ ಎಂಬ ಎಣಿಕೆಗಳು ಕುಸಿತದಲ್ಲಿ ಶೂನ್ಯಕ್ಕೆ ಇಳಿಯುತ್ತವೆ. ತಾನಾಗಿ ನಡೆಯುವ ಆಟೋವ್ಯಾಕ್ಯೂಮ್ ಇದೇ ಎಣಿಕೆಯನ್ನು ನಂಬಿ ನಡೆಯುವುದರಿಂದ, ಅರ್ಧಕ್ಕೆ ನಿಂತ ಲೋಡ್ ಬಿಟ್ಟುಹೋದ ಕೋಟಿಗಟ್ಟಲೆ ಸತ್ತ ಸಾಲುಗಳು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಆ ರಾತ್ರಿ ಲೋಡ್ ಆಗುತ್ತಿದ್ದ ಟೇಬಲ್‌ಗಳಿಗೆ ಕೈಯಾರೆ ವ್ಯಾಕ್ಯೂಮ್ ಮತ್ತು ಅನಲೈಜ್ (ಅಂಕಿಅಂಶ ಸಂಗ್ರಹಿಸುವ ಆದೇಶ) ಕೊಡುವುದು ಅನಿವಾರ್ಯ. ಕುಸಿತದಲ್ಲಿ ಖಾಲಿಯಾದ ಕ್ಯಾಶ್‌ಗೆ (ಪುಟಗಳನ್ನು ಇಟ್ಟುಕೊಳ್ಳುವ ಮೆಮೊರಿಗೆ) 11ನೇ ಆವೃತ್ತಿಯಿಂದ ಪರಿಹಾರವಿದೆ: ಪಿಜಿ ಪ್ರೀವಾರ್ಮ್ ಎಂಬ ಘಟಕವು ಮೆಮೊರಿಯಲ್ಲಿದ್ದ ಪುಟಗಳ ಪಟ್ಟಿಯನ್ನು ಆಗಾಗ ಉಳಿಸಿಟ್ಟುಕೊಂಡು, ಎದ್ದ ಮೇಲೆ ಅವುಗಳನ್ನು ಮತ್ತೆ ತುಂಬುತ್ತದೆ.

ಲಾಗ್ ಇರುವ ಡಿಸ್ಕ್ ತುಂಬಿದರೆ ಸರ್ವರ್ ನಿಂತೇಹೋಗುತ್ತದೆ. ಯಾರೂ ಓದದೆ ಬಿಟ್ಟ ರೆಪ್ಲಿಕೇಷನ್ ಸ್ಲಾಟ್ (ಇನ್ನೊಂದು ಕಡೆ ಓದಿ ಮುಗಿಸುವವರೆಗೆ ಲಾಗನ್ನು ಉಳಿಸಿಡುವ ಗುರುತು) ಇದಕ್ಕೆ ಸಾಮಾನ್ಯ ಕಾರಣ, 13ನೇ ಆವೃತ್ತಿಯಿಂದ ಅದಕ್ಕೆ ಮಿತಿ ಹಾಕಬಹುದು. ಆ ಗಡಿಬಿಡಿಯಲ್ಲಿ ಲಾಗ್ ಕಡತಗಳನ್ನು ಕೈಯಿಂದ ಅಳಿಸುವುದು, ರಿಕವರಿ ತಡವಾಯಿತೆಂದು ಲಾಗನ್ನೇ ಅಳಿಸಿ ಹೊಸದಾಗಿ ಶುರುಮಾಡುವ ಪಿಜಿ ರೀಸೆಟ್‌ವಾಲ್ ಓಡಿಸುವುದು, ಇವೆರಡೂ ಉಳಿದಿದ್ದ ದತ್ತಾಂಶವನ್ನು ನಾವೇ ಕೈಯಾರೆ ಕೆಡಿಸಿಕೊಳ್ಳುವ ದಾರಿಗಳು.

ಕೆಲವು ನಿಮಿಷಗಳಿಂದ ಅರ್ಧ ಗಂಟೆಯವರೆಗೆ ವರದಿಗಳು ನಿಂತರೂ ಸಹಿಸಬಲ್ಲ ಸಂಸ್ಥೆಗೆ, ಆವೃತ್ತಿ 15 ಅಥವಾ ನಂತರದ್ದನ್ನು ಒಂದೇ ದೊಡ್ಡ ಸರ್ವರ್‌ನಲ್ಲಿ ನೆಮ್ಮದಿಯಿಂದ ನಡೆಸಿ ಎನ್ನುವೆ. ಅಷ್ಟೂ ಸಹಿಸಲಾಗದವರು ಮುಖ್ಯ ಸರ್ವರ್‌ನ ಪ್ರತಿಯಾಗಿ ಸಿದ್ಧವಿರುವ ಸ್ಟ್ಯಾಂಡ್‌ಬೈ ಸರ್ವರ್ ಇಡಲೇಬೇಕು, ಮತ್ತು ಅದಕ್ಕೆ ತಾನಾಗಿ ಹೊರಳುವ ವ್ಯವಸ್ಥೆ ಪೋಸ್ಟ್‌ಗ್ರೆಸ್‌ನ ಒಳಗಿಲ್ಲವಾದ್ದರಿಂದ ಪಟ್ರೋನಿಯಂಥ ಹೊರಗಿನ ಸಾಧನವನ್ನು ಕಲಿಯುವ ಸಮಯವನ್ನೂ ಯೋಜನೆಯಲ್ಲಿ ಸೇರಿಸಿಕೊಳ್ಳಬೇಕು.